ಒಗರು ಮತ್ತು ತುಕ್ಕು: ಚರ್ಮ ಕಪ್ಪಾದ ಕಥೆ

ಕಂದು ಬಣ್ಣದ ಚರ್ಮದ ಬ್ಯಾಗೊಂದಿದೆ, ಅದನ್ನು ಮನೆಯಲ್ಲೇ ಇನ್ನಷ್ಟು ಗಾಢ ಬಣ್ಣಕ್ಕೆ ತಿರುಗಿಸಬೇಕು, ಹೇಗೆ? ಅಂತ ಯಾರನ್ನಾದರೂ ಕೇಳಿ ನೋಡಿ. "ಬಾಟಲಿ ಬಣ್ಣ ಸಿಗುತ್ತೆ, ತರಿಸು. ಹಳೇ ಬನಿಯನ್ ಬಟ್ಟೆ ಅದ್ದಿ ಹಚ್ಚು. ಒಣಗಿದ ಮೇಲೆ ಪಾಲಿಶ್ ಹೊಡಿ" ಅಂತ ಒಂದೇ ಉಸಿರಿನಲ್ಲಿ ಉತ್ತರ ಬರುತ್ತದೆ. ತಪ್ಪೇನಿಲ್ಲ, ಕೆಲಸ ಆಗುತ್ತದೆ. ಆದರೆ ನನ್ನಂಥ ಕೆಲಸವಿಲ್ಲದ ಎಂಜಿನಿಯರ್ ತಲೆಗೆ (ವಾರಾಂತ್ಯದಲ್ಲಿ ಮಾತ್ರ ಕೆಲಸವಿಲ್ಲ, ನನ್ನ ಮ್ಯಾನೇಜರ್ ಓದುತ್ತಿದ್ದರೆ ತಿಳಿದಿರಲಿ :)) ಇನ್ನೊಂದು ಪ್ರಶ್ನೆ ಹೊಳೆಯಿತು. ಬಾಟಲಿಯಲ್ಲಿ ಬಣ್ಣ ಸಿಗುವ ಮೊದಲು ಏನು ಮಾಡುತ್ತಿದ್ದರು? ಕರೀ ಬೂಟು, ಕರೀ ಜೀನು, ಕರೀ ಬೆಲ್ಟು ಇವೆಲ್ಲ ಸಾವಿರಾರು ವರ್ಷಗಳಿಂದ ಇವೆಯಲ್ಲ, ಆ ಕಪ್ಪು ಎಲ್ಲಿಂದ ಬರುತ್ತಿತ್ತು?

ಉತ್ತರ ಹುಡುಕುತ್ತಾ ಹೋದರೆ ರೋಮ್ ಸಿಕ್ಕಿತು, ಲಂಡನ್ ಸಿಕ್ಕಿತು, ಪ್ಯಾರಿಸ್ ಸಿಕ್ಕಿತು. ಇದೆಲ್ಲದರ ಮಧ್ಯೆ ಎಲ್ಲೂ ನಿರೀಕ್ಷಿಸದ ಕಡೆ ನಮ್ಮ ಬೆಂಗಳೂರು ಮತ್ತು ರಾಗಿ ಮುದ್ದೆ ಸಿಕ್ಕಿದವು. ಹಾಗಾಗಿ ಬರೆಯಲೇಬೇಕು ಅನ್ನಿಸಿತು.

ಮೊದಲು ಸ್ವಲ್ಪ ಕೆಮಿಸ್ಟ್ರಿ. ಹೆದರಬೇಡಿ, ಇದು ಪಿಯುಸಿ ಕೆಮಿಸ್ಟ್ರಿ ಅಲ್ಲ, ಅಡುಗೆಮನೆ ಕೆಮಿಸ್ಟ್ರಿ.

ಮಲೆನಾಡಿನವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಹಸಿ ಅಡಿಕೆ ಸುಲಿಯುವವರ ಕೈ ನೋಡಿದ್ದೀರಲ್ಲ? ಬೆರಳೆಲ್ಲ ಕಪ್ಪು. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಕತ್ತಿಯೂ ಅಷ್ಟೇ, ತೊಳೆಯದೆ ಇಟ್ಟರೆ ಕಪ್ಪು ಕಲೆ ಕೂರುತ್ತದೆ. ಕಾಯಿಯಲ್ಲಿ ಒಗರು ಇದೆ, ಕತ್ತಿಯಲ್ಲಿ ಕಬ್ಬಿಣ ಇದೆ. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ಇಷ್ಟೇ ಗುಟ್ಟು. ನಾವು ನಾಲಿಗೆಯಲ್ಲಿ 'ಒಗರು' ಅಂತ ಗುರುತಿಸುವ ವಸ್ತುವಿಗೆ ರಸಾಯನಶಾಸ್ತ್ರದಲ್ಲಿ ಟ್ಯಾನಿನ್ ಅಂತ ಹೆಸರು. ಚಹಾದಲ್ಲಿದೆ, ದಾಳಿಂಬೆ ಸಿಪ್ಪೆಯಲ್ಲಿದೆ, ಅಳಲೆಕಾಯಿಯಲ್ಲಿದೆ, ಜಾಲಿ ತೊಗಟೆಯಲ್ಲಿದೆ, ಅಡಿಕೆಯ ಚೊಗರಿನಲ್ಲಂತೂ ಧಾರಾಳವಾಗಿದೆ.

ಒಗರು ವಸ್ತು ಬಾಯಿಗೆ ಹಾಕಿಕೊಂಡರೆ ನಾಲಿಗೆ ಬಿಗಿದ ಹಾಗಾಗುತ್ತದಲ್ಲ, ಅದು ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ. ಹಸಿ ಚರ್ಮ ಅಂದರೂ ಬಹುಪಾಲು ಪ್ರೋಟೀನೇ. ಅದನ್ನು ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ. ಒಗರು ತೊಗಟೆಯ ನೀರಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ನೆನೆಸಿದರೆ ಟ್ಯಾನಿನ್ ಒಳಗಿಳಿದು ಎಳೆ ಎಳೆಯನ್ನೂ ಹಿಡಿದು ನಿಲ್ಲುತ್ತದೆ. ಆಗ ಕೊಳೆಯುವುದಿಲ್ಲ, ಬಾಗಿಸಿದರೆ ಬಾಗುತ್ತದೆ. ಇದೇ ಚರ್ಮ ಹದ ಮಾಡುವುದು. ಅಂದರೆ ಹೀಗೆ ಹದವಾದ ಚರ್ಮದ ತುಂಬ ಒಗರು ತುಂಬಿಕೊಂಡಿರುತ್ತದೆ. ಅದರ ಮೇಲೆ ಕಬ್ಬಿಣ ಕರಗಿದ ನೀರು ಸವರಿದರೆ? ಅಡಿಕೆ ಸುಲಿದವರ ಕೈಗೆ ಆದದ್ದೇ ಚರ್ಮಕ್ಕೂ ಆಗುತ್ತದೆ. ಹೊರಗಿನಿಂದ ಕಪ್ಪು ಬಣ್ಣ ತಂದು ಬಳಿಯುವ ಮಾತೇ ಇಲ್ಲ. ಬಣ್ಣದ ಅರ್ಧ ಭಾಗ ಚರ್ಮದೊಳಗೇ ಕಾದು ಕೂತಿರುತ್ತದೆ, ಉಳಿದರ್ಧವನ್ನು ನಾವು ಕೊಡಬೇಕು, ಅಷ್ಟೇ.

ಈ ಗುಟ್ಟು ಎಷ್ಟು ಹಳೆಯದು? ಕ್ರಿಸ್ತಶಕ ಮೊದಲನೇ ಶತಮಾನದಲ್ಲಿ ರೋಮ್‌ನಲ್ಲಿದ್ದ ಪ್ಲಿನಿ ತನ್ನ ದೊಡ್ಡ ವಿಶ್ವಕೋಶದಂಥ ಗ್ರಂಥದಲ್ಲಿ ಒಂದು ಲವಣದ ಬಗ್ಗೆ ಬರೆಯುತ್ತಾನೆ. (79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತನಲ್ಲ, ಅದೇ ಪ್ಲಿನಿ.) ಅದರ ಲ್ಯಾಟಿನ್ ಹೆಸರು 'ಅಟ್ರಮೆಂಟುಮ್ ಸುಟೋರಿಯುಮ್'. ಕನ್ನಡಕ್ಕೆ ತಂದರೆ 'ಚಮ್ಮಾರನ ಕಪ್ಪು'! ತಮಾಷೆ ನೋಡಿ, ಆ ಲವಣ ಕಪ್ಪಗಿರುವುದೇ ಇಲ್ಲ. ಹಸಿರೋ ನೀಲಿಯೋ ಇರುವ ಹರಳು. ಅದರ ಹಸಿರು ರೂಪವನ್ನು ನಮ್ಮ ಹಳೇ ಗ್ರಂದಿಗೆ ಅಂಗಡಿಗಳಲ್ಲಿ ಅನ್ನಭೇದಿ ಅಂತ ಕೇಳಿದರೆ ಕೊಡುತ್ತಿದ್ದರು. ಹಸಿರು ಹರಳಿಗೆ 'ಕಪ್ಪು' ಅಂತ ಹೆಸರು ಬರಬೇಕಾದರೆ ಆ ಹೆಸರಿಟ್ಟವರಿಗೆ ಹರಳಿನ ಬಣ್ಣಕ್ಕಿಂತ ಅದು ಚರ್ಮಕ್ಕೆ ತಗುಲಿದಾಗ ಬರುವ ಬಣ್ಣ ಮುಖ್ಯವಾಗಿತ್ತು ಅಂತಾಯಿತು. ಒಂದು ಲವಣದ ಹೆಸರಿನಲ್ಲೇ ಒಂದು ಕಸುಬಿನ ಇತಿಹಾಸ ಅಡಗಿದೆ.

ಅದೇ ಪ್ಲಿನಿ ಇನ್ನೊಂದು ಉಪಾಯವನ್ನೂ ದಾಖಲಿಸಿದ್ದಾನೆ. ತಾಮ್ರದ ಕಿಲುಬನ್ನು ಔಷಧಿಗೆ, ಬಣ್ಣಕ್ಕೆ ಮಾರುತ್ತಿದ್ದವರು ಅದಕ್ಕೆ ಈ ಚಮ್ಮಾರನ ಕಪ್ಪನ್ನು ಕಲಬೆರಕೆ ಮಾಡುತ್ತಿದ್ದರಂತೆ. ಕಂಡುಹಿಡಿಯುವುದು ಹೇಗೆ? ಪಪೈರಸ್ ಹಾಳೆಯನ್ನು ಮಾಚಿಕಾಯಿ ನೆನೆಸಿದ ನೀರಿನಲ್ಲಿ ಅದ್ದಿ, ಅದರ ಮೇಲೆ ಕಿಲುಬನ್ನು ಸವರುವುದು. ಕಲಬೆರಕೆ ಇದ್ದರೆ ಹಾಳೆ ಕಪ್ಪಾಗುತ್ತದೆ. ರಸಾಯನಶಾಸ್ತ್ರದ ಇತಿಹಾಸ ಬರೆದವರು ಇದನ್ನು ಲಿಖಿತ ದಾಖಲೆಯಲ್ಲಿ ಸಿಗುವ ಅತಿ ಹಳೆಯ ರಾಸಾಯನಿಕ ಪರೀಕ್ಷೆಗಳಲ್ಲಿ ಒಂದು ಎನ್ನುತ್ತಾರೆ. ಅದರ ಹಿಂದಿರುವುದು ಚಮ್ಮಾರರ ಕಟ್ಟೆಯ ಮೇಲೆ ದಿನಾ ನಡೆಯುತ್ತಿದ್ದ ಅದೇ ಒಗರು, ಅದೇ ಕಬ್ಬಿಣ.

ಯುರೋಪಿನಲ್ಲಿ ಮುಂದಿನ ಸಾವಿರಕ್ಕೂ ಹೆಚ್ಚು ವರ್ಷ ಇದೇ ನಡೆಯಿತು. ಅನ್ನಭೇದಿ ಸಿಗದಿದ್ದರೆ ತುಕ್ಕು ಹಿಡಿದ ಕಬ್ಬಿಣದ ಚೂರನ್ನು ವಿನೆಗರ್‌ನಲ್ಲೋ ಹುಳಿ ಬಂದ ಬಿಯರ್‌ನಲ್ಲೋ ನೆನೆಹಾಕಿ ಆ ನೀರನ್ನು ಚರ್ಮಕ್ಕೆ ಹಚ್ಚುತ್ತಿದ್ದರು. ಅವರು ಬರೆಯುತ್ತಿದ್ದ ಶಾಯಿಯೂ ಇದೇ: ಮಾಚಿಕಾಯಿ, ಅನ್ನಭೇದಿ, ಸ್ವಲ್ಪ ಗೋಂದು. ಲಿಯೊನಾರ್ಡೊ ಡ ವಿಂಚಿ ಬರೆದ ಟಿಪ್ಪಣಿಗಳು, ಬಾಖ್ ಬರೆದ ಸಂಗೀತದ ಹಾಳೆಗಳು ಎಲ್ಲ ಇದೇ ಶಾಯಿಯಲ್ಲಿವೆ. ಬೂಟನ್ನು ಕಪ್ಪು ಮಾಡಿದ್ದೂ ಗ್ರಂಥವನ್ನು ಕಪ್ಪಕ್ಷರದಲ್ಲಿ ತುಂಬಿದ್ದೂ ಒಂದೇ ರಾಸಾಯನಿಕ ಕ್ರಿಯೆ. ಬರೆದವನನ್ನು ಪಂಡಿತ ಅಂದರು, ಬೂಟು ಮಾಡಿದವನನ್ನು ಊರ ಹೊರಗೆ ಇಟ್ಟರು. ಚರ್ಮ ಹದ ಮಾಡುವವರ ಕೇರಿ ಅಲ್ಲೂ ಊರಂಚಿನಲ್ಲಿ, ಹೊಳೆಯ ಕೆಳಭಾಗದಲ್ಲೇ ಇರುತ್ತಿತ್ತು. ವಾಸನೆ ಅನ್ನುವುದು ಕಾರಣ. ನಮ್ಮಲ್ಲಿ ಅದಕ್ಕೆ ಜಾತಿಯ ಬೀಗವನ್ನೂ ಹಾಕಿದರು.

ಈಗ ಬೆಂಗಳೂರಿಗೆ ಬರೋಣ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಗೆದ್ದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಯಾರು ಏನು ತಯಾರಿಸುತ್ತಾರೆ ಅಂತ ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಂಪನಿಯ ವೈದ್ಯ ಫ್ರಾನ್ಸಿಸ್ ಬ್ಯೂಕನನ್‌ನನ್ನು ಕಳಿಸಿದ. 1800ರಲ್ಲಿ ಮದರಾಸಿನಿಂದ ಹೊರಟ ಬ್ಯೂಕನನ್ ಮೈಸೂರು, ಕೆನರಾ, ಮಲಬಾರ್ ಎಲ್ಲ ಸುತ್ತಿದ. ಅವನ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂತು. ನಮ್ಮ ಚರಿತ್ರೆ ಪುಸ್ತಕಗಳಲ್ಲಿ ಕಬ್ಬಿನ ಗಾಣ, ಕಬ್ಬಿಣದ ಕುಲುಮೆ, ನೇಕಾರರ ಮಗ್ಗ ಅಂದಾಗೆಲ್ಲ ಈ ಪುಣ್ಯಾತ್ಮನ ಹೆಸರು ಬರುತ್ತದೆ. ಬೆಂಗಳೂರಿನಲ್ಲಿದ್ದಾಗ ಅವನು ಮಾದಿಗರು ಚರ್ಮ ಹದ ಮಾಡುವ ವಿಧಾನವನ್ನೂ ಬರೆದುಕೊಂಡ. ಕುರಿ, ಮೇಕೆ ಚರ್ಮವನ್ನು ತೊಳೆದು, ಎಕ್ಕದ ಹಾಲು, ಉಪ್ಪು ಮತ್ತು... ಹೌದು, ರಾಗಿ ಮುದ್ದೆ ಕಲಸಿದ ಲೇಪ ಸವರಿ ಬಿಸಿಲಿಗೆ ಇಡುತ್ತಿದ್ದರು. ಹದ ಮಾಡಲು ತಂಗಡಿ ಗಿಡದ ತೊಗಟೆ.

ಇದನ್ನು ಓದಿ ಮೊದಲು ನಗು ಬಂತು. ಮುದ್ದೆ ನುಂಗುವುದು ಗೊತ್ತು, ಚರ್ಮಕ್ಕೆ ಹಚ್ಚುವುದು ಕೇಳಿರಲಿಲ್ಲ! ಆಮೇಲೆ ಯೋಚಿಸಿದರೆ ಒಂದೊಂದಕ್ಕೂ ಅರ್ಥವಿದೆ. ಎಕ್ಕದ ಹಾಲಿನಲ್ಲಿ ಪ್ರೋಟೀನ್ ಒಡೆಯುವ ಕಿಣ್ವಗಳಿವೆ. ಸುಣ್ಣದ ಬದಲು ಇಂಥ ಕಿಣ್ವಗಳಿಂದ ಕೂದಲು ತೆಗೆಯುವುದು ಹೇಗೆ ಅಂತ ಇಂದಿನ ಚರ್ಮ ವಿಜ್ಞಾನಿಗಳು ಸಂಶೋಧನೆ ಮಾಡುತ್ತಾರೆ, ಯಾಕೆಂದರೆ ಸುಣ್ಣ, ಸಲ್ಫೈಡು ಹೊಳೆ ಸೇರಿದರೆ ಅಪಾಯ. ಉಪ್ಪು ಕೊಳೆಯುವುದನ್ನು ತಡೆಯುತ್ತದೆ. ಮುದ್ದೆ ಇದೆಲ್ಲವನ್ನೂ ಚರ್ಮಕ್ಕೆ ಅಂಟಿಸಿ ಹಿಡಿದಿಡುವ ಮಂದ ಲೇಪ. ಇದು ಯಾರೋ ಒಂದು ದಿನ ಅಕಸ್ಮಾತ್ತಾಗಿ ಮಾಡಿದ್ದಲ್ಲ. ಎಷ್ಟು ತಲೆಮಾರು, ಎಷ್ಟು ಚರ್ಮ ಹಾಳು ಮಾಡಿಕೊಂಡು ಅಳತೆ ಹಿಡಿದಿದ್ದಾರೋ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನೂರಾರು ವರ್ಷ ಟೆಸ್ಟಿಂಗ್ ಆಗಿ ಪ್ರೊಡಕ್ಷನ್‌ನಲ್ಲಿ ಓಡುತ್ತಿದ್ದ ವ್ಯವಸ್ಥೆ. ಬ್ಯೂಕನನ್ ಮಾಡಿದ್ದು ಡಾಕ್ಯುಮೆಂಟೇಷನ್. ಅದೂ ದೊಡ್ಡ ಉಪಕಾರವೇ, ಇಲ್ಲದಿದ್ದರೆ ನಮಗೆ ಇಷ್ಟೂ ತಿಳಿಯುತ್ತಿರಲಿಲ್ಲ. ಆದರೆ ಡಾಕ್ಯುಮೆಂಟಿನಲ್ಲಿ ಬರೆದವನ ಹೆಸರಿದೆ, ಮಾಡಿದವರ ಜಾತಿಯ ಹೆಸರು ಮಾತ್ರ ಇದೆ.

ತಂಗಡಿ ಅಂದರೆ ಗೊತ್ತಲ್ಲ? ಬಯಲುಸೀಮೆಯ ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಗಿಡ. ಆವರಿಕೆ ಅಂತಲೂ ಕರೆಯುತ್ತಾರೆ. ತೆಲಂಗಾಣದವರು ಅದರ ಹೂವನ್ನು ರಾಜ್ಯದ ಹೂ ಮಾಡಿಕೊಂಡಿದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಈ ಗಿಡದ ತೊಗಟೆಯಲ್ಲಿ ಹದ ಮಾಡಿದ ದನದ ಚರ್ಮ, ಮೇಕೆ ಚರ್ಮ ಮದರಾಸಿನ ಬಂದರಿನಿಂದ ಹಡಗು ಹಡಗು ಇಂಗ್ಲೆಂಡಿಗೆ ಹೋಯಿತು. 'ಈಸ್ಟ್ ಇಂಡಿಯಾ ಕಿಪ್ಸ್' ಅಂತ ಅದಕ್ಕೆ ಮಾರುಕಟ್ಟೆ ಹೆಸರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟಿನ ಮೇಲ್ಭಾಗಕ್ಕೆ ಈ ಚರ್ಮ ಎಷ್ಟು ಬೇಕಾಯಿತೆಂದರೆ ಸರಕಾರವೇ ಅದರ ಖರೀದಿಯನ್ನು ಕೈಗೆ ತೆಗೆದುಕೊಂಡಿತು.

ತಂಗಡಿ ಚರ್ಮಕ್ಕೆ ಒಂದು ಗುಣವಿದೆ, ನಮ್ಮ ಬ್ಯಾಗಿನ ಪ್ರಶ್ನೆಗೂ ಅದು ಸಂಬಂಧಪಟ್ಟಿದ್ದು. ಹದವಾದಾಗ ತೆಳು ಹಳದಿ ಇರುತ್ತದೆ, ಬಿಸಿಲಿಗೆ ಇಟ್ಟರೆ ತಾನಾಗಿಯೇ ಕೆಂಪಡರುತ್ತದೆ. ಅದನ್ನು ತಡೆಯಲು ಕೊನೆಯಲ್ಲಿ ಅಳಲೆಕಾಯಿ ನೀರಿನಲ್ಲಿ ಅದ್ದುತ್ತಿದ್ದರು. ಒಗರಿನಲ್ಲೂ ಎರಡು ಜಾತಿ ಇರುವುದು ಇದಕ್ಕೆ ಕಾರಣ. ತಂಗಡಿ, ಕಾಚು, ಅಡಿಕೆ ಇವುಗಳ ಒಗರು ಒಂದು ಬಗೆ: ಬೆಳಕಿಗೆ ಕೆಂಪಾಗುತ್ತದೆ, ಕಬ್ಬಿಣ ತಗುಲಿದರೆ ಹಸಿರು ಮಿಶ್ರಿತ ಕಪ್ಪಾಗುತ್ತದೆ. ಅಳಲೆಕಾಯಿ, ಮಾಚಿಕಾಯಿಯ ಒಗರು ಇನ್ನೊಂದು ಬಗೆ: ಬೆಳಕಿಗೆ ಅಷ್ಟಾಗಿ ಬದಲಾಗುವುದಿಲ್ಲ, ಕಬ್ಬಿಣ ತಗುಲಿದರೆ ನೀಲಿ ಮಿಶ್ರಿತ ಕಪ್ಪಾಗುತ್ತದೆ. ರಸಾಯನಶಾಸ್ತ್ರಜ್ಞರು ಈ ವಿಂಗಡಣೆಯನ್ನು ಪುಸ್ತಕದಲ್ಲಿ ಬರೆಯುವ ಮೊದಲೇ, ಮೊದಲು ತೊಗಟೆ ಆಮೇಲೆ ಕಾಯಿ ಅನ್ನುವ ಕ್ರಮ ನಮ್ಮ ಹದಗಾರರ ಕೈಯಲ್ಲಿತ್ತು.

ಪುಸ್ತಕದ ಕಡೆಯ ಕಥೆಯೂ ಇದೇ ಹೊತ್ತಿಗೆ ಶುರುವಾಗುತ್ತದೆ. ಬ್ಯೂಕನನ್ ನಮ್ಮೂರಲ್ಲಿ ಓಡಾಡಿ ಹೋದ ಮರುವರ್ಷಗಳಲ್ಲೇ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ತನ್ನ ಹೊಸ ಹುಡುಗ ಹಂಫ್ರಿ ಡೇವಿಗೆ ಚರ್ಮ ಹದ ಮಾಡುವ ವಿಜ್ಞಾನ ಅಧ್ಯಯನ ಮಾಡು ಅಂತ ಒಪ್ಪಿಸಿತು. (ಗಣಿ ಕೆಲಸಗಾರರ ಸುರಕ್ಷಾ ದೀಪದ ಡೇವಿ, ಅವನೇ.) 1803ರಲ್ಲಿ ಅವನ ಪ್ರಬಂಧ ಬಂತು. ಅದರಲ್ಲಿ ಅವನು ಬಹಳ ಆಸಕ್ತಿಯಿಂದ ಪರೀಕ್ಷಿಸಿದ ವಸ್ತು ಯಾವುದು ಗೊತ್ತೇ? ಮುಂಬಯಿಯಿಂದ ಮತ್ತು ಬಂಗಾಳದಿಂದ ಬಂದ ಕಾಚು! ನಮ್ಮ ಎಲೆ-ಅಡಿಕೆಯ ಕಾಚು. ಅಲ್ಲಿಯವರೆಗೆ ಅವರು ಬಳಸುತ್ತಿದ್ದ ಓಕ್ ತೊಗಟೆಗಿಂತ ಅದರಲ್ಲಿ ಹಲವು ಪಟ್ಟು ಹೆಚ್ಚು ಒಗರಿದೆ ಅಂತ ತೋರಿಸಿಕೊಟ್ಟ. 1805ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕವೂ ಬಂತು. ಡೇವಿ ದೊಡ್ಡ ವಿಜ್ಞಾನಿ, ಅನುಮಾನವೇ ಇಲ್ಲ. ಆದರೆ ಈ ಪ್ರಬಂಧದ ಕೊನೆಗೆ ಅನುಭವಿ ಹದಗಾರರ ಪದ್ಧತಿಯನ್ನು ವಿಜ್ಞಾನ ಅಷ್ಟೇನೂ ಬದಲಿಸಬೇಕಾಗಿಲ್ಲ ಅನ್ನುವ ತೀರ್ಮಾನಕ್ಕೇ ಅವನೂ ಹೆಚ್ಚುಕಡಿಮೆ ಬಂದು ನಿಂತ.

ದೊಡ್ಡ ತಿರುವು ಬಂದದ್ದು 1856ರಲ್ಲಿ. ಹದಿನೆಂಟು ವರ್ಷದ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾ ಔಷಧಿ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಮಾಡಿಬಿಟ್ಟ. ಕಲ್ಲಿದ್ದಲ ಡಾಂಬರಿನಿಂದ ಬರುವ ಅನಿಲೀನ್ ಅದರ ಮೂಲ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಅನಿಲೀನಿನಿಂದ ಕೆಂಪು, ನೀಲಿ, ಕೊನೆಗೆ ಕಪ್ಪು ಎಲ್ಲ ಬಂದವು. ನೈಗ್ರೋಸಿನ್ ಎನ್ನುವ ಕರೀ ಬಣ್ಣ ಇವತ್ತಿಗೂ ಬೂಟ್ ಪಾಲಿಶ್‌ನಲ್ಲಿದೆ. ಚರ್ಮದಲ್ಲಿ ಒಗರು ಇರಲಿ ಬಿಡಲಿ, ಹಚ್ಚಿದರೆ ಸಾಕು, ಬಣ್ಣ ಹಿಡಿಯುತ್ತದೆ. ಮನೆಯಲ್ಲೇ ಚರ್ಮದ ಬಣ್ಣ ಬದಲಿಸುವುದು ಎಲ್ಲರ ಕೈಗೂ ಎಟುಕುವ ಕೆಲಸವಾದದ್ದು ಈ ಬಾಟಲಿಗಳಿಂದ.

ಅದಕ್ಕೆ ತೆತ್ತ ಬೆಲೆಯನ್ನು ಮಾತ್ರ ಯಾರೂ ಬಾಟಲಿಯ ಮೇಲೆ ಬರೆಯಲಿಲ್ಲ. 1900ರಲ್ಲಿ ಲಾಂಡೂಜಿ ಮತ್ತು ಬ್ರುವಾರ್ದೆಲ್ ಎಂಬ ಫ್ರೆಂಚ್ ವೈದ್ಯರು ವಿಚಿತ್ರವಾದ ಪ್ರಕರಣಗಳನ್ನು ವರದಿ ಮಾಡಿದರು. ಚೆನ್ನಾಗಿದ್ದ ಮಕ್ಕಳು ಇದ್ದಕ್ಕಿದ್ದಂತೆ ತಲೆಸುತ್ತಿ ಬೀಳುತ್ತಿದ್ದರು, ತುಟಿ, ಉಗುರು ನೀಲಿಯಾಗುತ್ತಿತ್ತು. ವಿಚಾರಿಸಿದರೆ ತಿಳಿದದ್ದು: ಮಕ್ಕಳ ಹಳದಿ ಬೂಟಿಗೆ ಆಗಷ್ಟೇ ಕಪ್ಪು ಬಣ್ಣ ಬಳಿದಿದ್ದರು. ಬಣ್ಣದಲ್ಲಿ ಅನಿಲೀನ್ ಇತ್ತು. ಒಣಗುವ ಮುಂಚೆ ತೊಟ್ಟ ಬೂಟಿನಿಂದ, ಬೆಚ್ಚಗಿನ ಪಾದದ ಚರ್ಮದ ಮೂಲಕ ಅದು ರಕ್ತಕ್ಕೆ ಇಳಿದು, ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನನ್ನೇ ಕೆಲಸಕ್ಕೆ ಬಾರದಂತೆ ಮಾಡುತ್ತಿತ್ತು. ಕಾಲು ಶತಮಾನ ಕಳೆದ ಮೇಲೂ ಇದು ನಿಲ್ಲಲಿಲ್ಲ. 1925ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬೂಟಿನ ಬಣ್ಣದ ವಿಷದ ಬಗ್ಗೆಯೇ ಲೇಖನ ಬಂತು. (ಇವತ್ತು ಅಂಗಡಿಯಲ್ಲಿ 'ಅನಿಲೀನ್ ಲೆದರ್' ಅಂತ ಬರೆದದ್ದು ನೋಡಿ ಹೆದರಬೇಡಿ. ಈಗ ಆ ಪದಕ್ಕೆ ಮೇಲೆ ಬಣ್ಣದ ಪದರ ಬಳಿಯದೆ, ಒಳಗೆ ಇಳಿಯುವ ಪಾರದರ್ಶಕ ಬಣ್ಣದಲ್ಲಿ ಅದ್ದಿದ ಚರ್ಮ ಅಂತಷ್ಟೇ ಅರ್ಥ.)

ಹಾಗಾದರೆ ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ವಿಷ ಅಂತ ಹೇಳಿ ಮುಗಿಸಿಬಿಡಬಹುದಾ? ಅಷ್ಟು ಸುಲಭವಿಲ್ಲ. ಕಬ್ಬಿಣದ ಕಪ್ಪೂ ಸಾಧುವೇನಲ್ಲ. ಹದಿನೆಂಟನೇ ಶತಮಾನದ ಕೊನೆಯಿಂದ ಇಂಗ್ಲೆಂಡಿನ ಬೈಂಡಿಂಗ್‌ನವರು ಕರುವಿನ ಚರ್ಮದ ರಟ್ಟಿನ ಮೇಲೆ ಅನ್ನಭೇದಿ ನೀರು ಹರಿಸಿ, ಕೊಂಬೆ ಚಾಚಿದ ಮರದಂಥ ಚಿತ್ತಾರ ಮೂಡಿಸುತ್ತಿದ್ದರು. 'ಟ್ರೀ ಕಾಫ್' ಅಂತ ಅದಕ್ಕೆ ಹೆಸರು. ನೋಡಲು ಬಲು ಚಂದ. ಆದರೆ ಆ ಹಳೆಯ ಪುಸ್ತಕಗಳಲ್ಲಿ ಅನ್ನಭೇದಿ ತಾಗಿದ ಕಡೆಯೇ ಚರ್ಮ ಗುಳಿ ಬಿದ್ದು ತಿಂದುಹೋಗುವುದು ಗ್ರಂಥಾಲಯದವರಿಗೆಲ್ಲ ಗೊತ್ತಿರುವ ವಿಷಯ. ಕಬ್ಬಿಣದ ಲವಣದ ಜತೆ ಉಳಿಯುವ ಆಮ್ಲ ಮತ್ತು ಕಬ್ಬಿಣ ಎರಡೂ ಸೇರಿ ಚರ್ಮದ ಎಳೆಗಳನ್ನು ನಿಧಾನವಾಗಿ ಕಡಿಯುತ್ತವೆ. ಮಾಚಿಕಾಯಿ ಶಾಯಿ ಕಾಗದವನ್ನು ತೂತು ಮಾಡುವುದೂ ಹೀಗೆಯೇ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಈ ಬಗ್ಗೆ ಸಮಿತಿಯನ್ನೇ ಮಾಡಿತು. ನೂರಾರು ವರ್ಷದ ಹಳೇ ಬೈಂಡಿಂಗ್ ಗಟ್ಟಿಯಾಗಿವೆ, ನಿನ್ನೆ ಮೊನ್ನೆಯವು ಪುಡಿಪುಡಿಯಾಗಿ ಕೆಂಪು ಧೂಳು ಉದುರಿಸುತ್ತಿವೆ, ಯಾಕೆ? 1901ರಲ್ಲಿ ಒಂದು, 1905ರಲ್ಲಿ ಇನ್ನೊಂದು ವರದಿ ಬಂತು. ಬಣ್ಣ ಹೊಳಪಾಗಲಿ ಅಂತ ಬಳಸುತ್ತಿದ್ದ ಗಂಧಕಾಮ್ಲ ಮುಖ್ಯ ಅಪರಾಧಿ. ಜತೆಗೆ ಕಟಕಟೆಯಲ್ಲಿ ನಿಂತದ್ದು ಯಾರು? ಭಾರತದಿಂದ ಹೋದ ಮೇಕೆ, ಕುರಿ ಚರ್ಮ! ಬೆಳಕಿಗೆ ಕೆಂಪಾಗುವ ಬಗೆಯ ಒಗರು ಪುಸ್ತಕದ ರಟ್ಟಿಗೆ ಬಾಳಿಕೆ ಬರುವುದಿಲ್ಲ ಅಂತ ಸಮಿತಿ ಹೇಳಿತು. ಅದು ನಿಜವೂ ಹೌದು. ನಮ್ಮ ತಂಗಡಿ ಚರ್ಮ ಬೂಟಿಗೆ, ಚಪ್ಪಲಿಗೆ ಸರಿ, ಇನ್ನೂರು ವರ್ಷ ಕಪಾಟಿನಲ್ಲಿ ನಿಲ್ಲಬೇಕಾದ ಪುಸ್ತಕಕ್ಕಲ್ಲ. ನಮ್ಮದು ಅನ್ನುವ ಅಭಿಮಾನಕ್ಕೆ ಇದನ್ನು ಮುಚ್ಚಿಡಬೇಕಾಗಿಲ್ಲ. ಅಲ್ಲಿನ ಕಾರ್ಖಾನೆಯವರು ಅಗ್ಗಕ್ಕೆ ಸಿಗುತ್ತದೆಂದು ಬೂಟಿನ ಚರ್ಮವನ್ನು ತೆಗೆದು ಪುಸ್ತಕಕ್ಕೆ ಹಾಕಿ, ಮೇಲಿಂದ ಆಮ್ಲವನ್ನೂ ಸುರಿದಿದ್ದರು.

ಅಷ್ಟರಲ್ಲಿ ಒಗರಿನ ಅಗತ್ಯವೇ ಇಲ್ಲದ ಚರ್ಮ ಬಂದಾಗಿತ್ತು. ಕ್ರೋಮಿಯಂ ಲವಣದಿಂದ ಹದ ಮಾಡಬಹುದು ಅಂತ ಜರ್ಮನಿಯ ಕ್ನಾಪ್ 1858ರಲ್ಲೇ ತೋರಿಸಿದ್ದ. ವ್ಯಾಪಾರಕ್ಕೆ ಹೊಂದುವ ವಿಧಾನಕ್ಕೆ 1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಜ್ ಪೇಟೆಂಟ್ ಪಡೆದ. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. 1903ರ ಸುಮಾರಿಗೆ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಇದರ ಪ್ರಯೋಗ ಶುರುಮಾಡಿದ. ಯಾವುದಕ್ಕೆ ಗೊತ್ತೇ? ಕಪಿಲೆ ಬಾವಿಯಿಂದ ಎತ್ತು ಕಟ್ಟಿ ನೀರೆತ್ತುತ್ತಿದ್ದ ಚರ್ಮದ ಚೀಲಕ್ಕೆ! ಸದಾ ನೀರಲ್ಲಿ ನೆನೆಯುವ ಚೀಲಕ್ಕೆ ತೊಗಟೆ ಚರ್ಮಕ್ಕಿಂತ ಕ್ರೋಮ್ ಚರ್ಮ ಹೆಚ್ಚು ಬಾಳುತ್ತದೆ ಅನ್ನುವುದು ಅವನ ಲೆಕ್ಕ. ಈ ಚಾಟರ್ಟನ್ನೇ 1910ರ ದಶಕದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕಾ ಇಲಾಖೆಯ ನಿರ್ದೇಶಕನಾದ. ಇವತ್ತು ಪ್ರಪಂಚದಲ್ಲಿ ತಯಾರಾಗುವ ಬಹುಪಾಲು ಚರ್ಮ ಕ್ರೋಮ್ ಚರ್ಮವೇ. ಬಣ್ಣ ಹಾಕುವ ಮುಂಚೆ ನೋಡಿದರೆ ಒಳಗೆಲ್ಲ ತಿಳಿ ನೀಲಿ.

ಈ ಎರಡು ಚರ್ಮದ ವ್ಯತ್ಯಾಸ ನೋಡಬೇಕು ಅಂತ ನಾನೂ ಒಂದು ಪ್ರಯೋಗ ಮಾಡಿದೆ. ನಮ್ಮ ಏರಿಯಾದಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿದ್ದಾರೆ. "ಯಜಮಾನ್ರೇ, ಎರಡು ಬಗೆಯ ತುಂಡು ಇದ್ರೆ ಕೊಡ್ತೀರಾ?" ಅಂದೆ. "ಯಾಕ್ ಸಾರ್, ನಮ್ ಕೆಲ್ಸ ಕಲೀತೀರಾ?" ಅಂತ ನಕ್ಕು, ಅಂಚು ಕೊಯ್ದು ನೋಡಿ, "ಇದು ತೊಗಟೇದು, ಇದು ಕ್ರೋಮು" ಅಂತ ಎರಡು ತುಂಡು ಕೊಟ್ಟರು. ಗಾಜಿನ ಬಾಟಲಿಗೆ ವಿನೆಗರ್ ಹಾಕಿ ಒಂದು ಹಿಡಿ ಕಬ್ಬಿಣದ ಮೊಳೆ ನೆನೆಹಾಕಿದೆ. (ಪಾತ್ರೆ ತಿಕ್ಕುವ ಸ್ಟೀಲ್ ನಾರು ಹಾಕಬೇಡಿ, ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಸ್ಟೇನ್‌ಲೆಸ್, ಅದು ಕರಗುವುದಿಲ್ಲ. ಮುಚ್ಚಳವನ್ನೂ ಬಿಗಿಯಬೇಡಿ, ಹೈಡ್ರೋಜನ್ ಅನಿಲ ಬರುತ್ತದೆ.) ಹತ್ತು ದಿನದ ಮೇಲೆ ಸೋಸಿ, ಹತ್ತಿಯಲ್ಲಿ ಅದ್ದಿ ಎರಡಕ್ಕೂ ಸವರಿದೆ. ಕ್ರೋಮ್ ತುಂಡು ಒದ್ದೆಯಾಯಿತು, ಅಷ್ಟೇ. ತೊಗಟೆ ತುಂಡು ಮೊದಲು ಬೂದಿ, ಆಮೇಲೆ ನೀಲಿ, ನಾನು ನೋಡುತ್ತಾ ನಿಂತಂತೆಯೇ ಕಪ್ಪಾಯಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಬಾಟಲಿಯೊಳಗಿನ ನೀರು ಮಾತ್ರ ಕಪ್ಪಗಿರಲೇ ಇಲ್ಲ.

ಬ್ಯಾಗ್ ಗಾಢ ಮಾಡಬೇಕೆಂದಿರುವವರಿಗೆ ಈ ಇತಿಹಾಸದ ಪ್ರಯೋಜನ ಇಲ್ಲಿದೆ. ಬ್ಯಾಗಿನ ಒಳಅಂಚಿನಲ್ಲಿ, ಯಾರಿಗೂ ಕಾಣದ ಕಡೆ ಒಂದು ಹನಿ ಹಾಕಿ ನೋಡಿ. ಕಪ್ಪಾದರೆ ಅದು ತೊಗಟೆಯಲ್ಲಿ ಹದವಾದ ಚರ್ಮ. ಅದಕ್ಕೆ ಎಣ್ಣೆ ಹಚ್ಚಿದರೂ ಸಾಕು, ಬಿಸಿಲಿಗೆ ಹಿಡಿದರೂ ಸಾಕು, ನಿಧಾನವಾಗಿ ತಾನೇ ಗಾಢವಾಗುತ್ತದೆ. ಹರಳೆಣ್ಣೆ ಸವರಿದ ಹಳೇ ಚಪ್ಪಲಿ ವರ್ಷ ಕಳೆದಂತೆ ಕಪ್ಪು ತಿರುಗುವುದನ್ನು ಹಳ್ಳಿಗಳಲ್ಲಿ ನೋಡಿದ್ದೇವಲ್ಲ. ಪೂರ್ತಿ ಕಪ್ಪೇ ಬೇಕೆಂದರೆ ಕಬ್ಬಿಣದ ನೀರು. ಆದರೆ ಟ್ರೀ ಕಾಫ್ ಪುಸ್ತಕದ ಗತಿ ಬರಬಾರದು ಅಂದರೆ ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಒರೆಸಿ ಆಮ್ಲ ತೆಗೆದು, ಒಣಗಿಸಿ, ಎಣ್ಣೆ ಕೊಡಬೇಕು. ಹನಿ ಕಪ್ಪಾಗದಿದ್ದರೆ ಬಹುಶಃ ಕ್ರೋಮ್, ಅಥವಾ ಮೇಲೆ ಪ್ಲಾಸ್ಟಿಕ್ಕಿನಂಥ ಪದರವಿದೆ. ಅದಕ್ಕೆ ಬಾಟಲಿ ಬಣ್ಣವೇ ಗತಿ. ಕಿಟಕಿ ತೆರೆದಿಟ್ಟು, ಕೈಗವಸು ಹಾಕಿ, ಪೂರ್ತಿ ಒಣಗುವ ತನಕ ಮುಟ್ಟದೆ ಮಾಡಿ. 1900ರ ಆ ಮಕ್ಕಳನ್ನು ನೆನಪಿಟ್ಟುಕೊಂಡರೆ ಸಾಕು. ಇನ್ನೊಂದು ಮಾತು, ಯಾವ ದಾರಿ ಹಿಡಿದರೂ ಗಾಢ ಮಾಡಬಹುದೇ ಹೊರತು ಮತ್ತೆ ತೆಳು ಮಾಡಲಾಗುವುದಿಲ್ಲ. ಇದಕ್ಕೆ ಅನ್‌ಡೂ ಬಟನ್ ಇಲ್ಲ.

ತೊಗಟೆಯ ಹದ ನಮ್ಮಲ್ಲಿ ಪೂರ್ತಿ ಸತ್ತಿಲ್ಲ. ಕೊಲ್ಹಾಪುರಿ ಚಪ್ಪಲಿ ಅಂತ ನಾವು ಕರೆಯುವುದರಲ್ಲಿ ದೊಡ್ಡ ಪಾಲು ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆ ತಯಾರಾಗುತ್ತದೆ. ಚರ್ಮವನ್ನೇ ಚೀಲದ ಹಾಗೆ ಹೊಲಿದು, ಅದರೊಳಗೆ ಜಾಲಿ ತೊಗಟೆ, ಅಳಲೆಕಾಯಿ ಮತ್ತು ನೀರು ತುಂಬಿ ತೂಗುಹಾಕಿ, ಒಗರು ಒಳಗಿನಿಂದ ಹೊರಕ್ಕೆ ಜಿನುಗುವಂತೆ ಮಾಡುವುದು ಅಲ್ಲಿನ ಸಾಂಪ್ರದಾಯಿಕ ವಿಧಾನ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ವೇದಿಕೆಯಲ್ಲಿ ಇದೇ ಬಗೆಯ ಚಪ್ಪಲಿ ತೋರಿಸಿದಾಗ ಎಲ್ಲಿಯದು ಅಂತ ಹೇಳಿರಲಿಲ್ಲ. ಇಲ್ಲಿ ಗಲಾಟೆಯಾದ ಮೇಲೆ ಭಾರತದ ಕುಶಲಕರ್ಮಿಗಳ ಚಪ್ಪಲಿಯಿಂದ ಪ್ರೇರಣೆ ಪಡೆದದ್ದು ಅಂತ ಒಪ್ಪಿಕೊಂಡಿತು.

ಆಗ ನಾವೆಲ್ಲ ಸಿಟ್ಟಾದೆವು, ಸರಿಯಾಗಿಯೇ ಸಿಟ್ಟಾದೆವು. ಆದರೆ ಹೆಸರು ಹೇಳದ ಅಭ್ಯಾಸ ಮಿಲಾನಿನಲ್ಲಿ ಶುರುವಾದದ್ದಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಅಂತ ಚರ್ಮದ ಕೆಲಸದವರನ್ನು ಹೆಸರು ಹಿಡಿದು, ಶರಣರು ಅಂತ ಕರೆದು ಪಕ್ಕದಲ್ಲಿ ಕೂರಿಸಿಕೊಂಡದ್ದೇ ಅಪರೂಪ. ಅದಕ್ಕೆ ಹರಳಯ್ಯ ಪ್ರಾಣವನ್ನೇ ತೆತ್ತ. ಆಮೇಲಿನ ಶತಮಾನಗಳಲ್ಲಿ ನಾವು ಅವರ ಚಪ್ಪಲಿ ಮೆಟ್ಟಿದೆವು, ಅವರು ಹೊಲಿದ ಕಪಿಲೆ ಚೀಲದ ನೀರಿನಲ್ಲಿ ಗದ್ದೆ ಬೆಳೆದೆವು, ಅವರನ್ನು ಮಾತ್ರ ಬ್ಯೂಕನನ್‌ನ ಪುಸ್ತಕದ ಹಾಗೆ ಜಾತಿಯ ಹೆಸರಿನಲ್ಲೇ ಬಿಟ್ಟೆವು. ಪ್ರಾಡಾಕ್ಕೆ ಕೇಳಿದ ಪ್ರಶ್ನೆಯನ್ನು ನಮ್ಮನ್ನೇ ಕೇಳಿಕೊಂಡರೆ ಉತ್ತರ ಕಷ್ಟ.

ಬೆಂಗಳೂರಿನ ಟ್ಯಾನರಿ ರೋಡಿನಲ್ಲಿ ಎಷ್ಟು ಜನ ದಿನಾ ಓಡಾಡುತ್ತೇವೆ, ಹೆಸರು ಯಾಕೆ ಬಂತು ಅಂತ ಕೇಳುವವರು ಕಡಿಮೆ. ನಿಮ್ಮ ಊರಲ್ಲೂ ಇಂಥದ್ದೊಂದು ಬೀದಿ, ಒಂದು ಹದದ ಗುಂಡಿ, ತೊಗಟೆಯ ಲೆಕ್ಕ ಬಾಯಲ್ಲೇ ಇಟ್ಟುಕೊಂಡ ಒಬ್ಬ ಅಜ್ಜ ಇರಬಹುದು. ಸಮಯ ಸಿಕ್ಕಾಗ ಕೂತು ಮಾತಾಡಿಸಿ. ಯಾವ ತೊಗಟೆ, ಎಷ್ಟು ದಿನ, ಯಾವ ನೀರು ಅಂತ ಕೇಳಿ ಬರೆದುಕೊಳ್ಳಿ. ಅವರು ಒಪ್ಪಿದರೆ ಅವರ ಹೆಸರನ್ನೂ ಜತೆಗೆ ಬರೆಯಿರಿ.